ಶುಕ್ರವಾರ ಕಟ್ಟದ ಸಾಲ

ಸಾಲ ತೀರಿಸಲು ಹೋದವರಿಗೆ ದಂಡ ಹಾಕುತ್ತಾರೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಮ್ಮವರಲ್ಲಿ ಹೇಳಿದ್ದಕ್ಕಿಂತ ಮುಂಚೆ ಸಾಲ ವಾಪಸ್ ತಂದವರನ್ನು ಕೂರಿಸಿ ಕಾಫಿ ಕೊಡುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನ ಆ ಆಫೀಸಿನಲ್ಲಿ ನಮಗೆ ಸಿಕ್ಕಿದ್ದೇ ಬೇರೆ. ಇಷ್ಟು ವರ್ಷವಾದರೂ ಆ ದಾರಿಯಲ್ಲಿ ಬಸ್ಸು ಹೋದರೆ ನಾನು ಮುಖ ಆಚೆ ತಿರುಗಿಸುತ್ತೇನೆ.

ತೊಂಬತ್ತರ ದಶಕದ ಕೊನೆಗೆ ಉತ್ತರಹಳ್ಳಿಯ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಎರಡು ರೂಮಿನ ಮನೆ ಕಟ್ಟಿಸಿದೆವು. ಮನೆ ಸಾಲ ಕೊಡುವ ಒಂದು ಕಂಪನಿಯಿಂದ ಹದಿನೈದು ವರ್ಷದ ಸಾಲ. ಮನೆಯ ಮೂಲ ಪತ್ರಗಳೆಲ್ಲ ಅವರ ಬೀರುವಿನಲ್ಲಿ, ಜೆರಾಕ್ಸ್ ಪ್ರತಿ ನಮ್ಮ ಹತ್ತಿರ. ಹೊಟ್ಟೆ ಬಟ್ಟೆ ಕಟ್ಟಿ ಕಂತು ಕಟ್ಟಿದೆವು. ಒಂದು ತಿಂಗಳೂ ತಪ್ಪಿಸಲಿಲ್ಲ. ನಾನು ಹೊಲಿಗೆ ಹಾಕುತ್ತಿದ್ದೆ. ಸೀರೆಗೆ ಫಾಲ್ಸ್ ಹೊಲಿದ ದುಡ್ಡೂ ಕಂತಿಗೇ ಸೇರುತ್ತಿತ್ತು.

ಆರು ವರ್ಷ ಕಳೆದಿರಬೇಕು. ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಒಂದಿಷ್ಟು ದುಡ್ಡು ಕೈಗಿಟ್ಟು ಅವರನ್ನು ಮನೆಗೆ ಕಳಿಸಿತು. ಇನ್ನು ಸಂಬಳವಿಲ್ಲ. ಸಂಬಳವಿಲ್ಲದ ಮನೆಯಲ್ಲಿ ಕಂತು ಇಟ್ಟುಕೊಂಡರೆ ಇರುವ ದುಡ್ಡನ್ನು ಅದೇ ತಿಂದು ಮುಗಿಸುತ್ತದೆ. ಮೊದಲು ಸಾಲ ತೀರಿಸುವುದು, ಉಳಿದಿದ್ದರಲ್ಲಿ ಕೋಣನಕುಂಟೆ ಕ್ರಾಸಿನ ಹತ್ತಿರ ಒಂದು ಮಳಿಗೆ ಹಿಡಿದು ಮಿಕ್ಸಿ, ಗ್ರೈಂಡರ್ ರಿಪೇರಿ ಶುರು ಮಾಡುವುದು ಎಂದು ನಿರ್ಧರಿಸಿದೆವು. ಮಳಿಗೆಯ ಓನರು ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕೇಳಿ, ಮುಂದಿನ ವಾರದ ಶನಿವಾರದೊಳಗೆ ಕೊಡದಿದ್ದರೆ ಬೇರೆಯವರಿಗೆ ಎಂದಿದ್ದರು. ನಮ್ಮ ಲೆಕ್ಕದಲ್ಲಿ ಸಾಲಕ್ಕೂ ಅಡ್ವಾನ್ಸಿಗೂ ಸರಿಹೋಗಿ, ಒಂದು ತಿಂಗಳ ರೇಷನ್ನಿಗೆ ಉಳಿಯುತ್ತಿತ್ತು.

ಗುರುವಾರ ಸಂಜೆ ಯಜಮಾನರು ಕಂಪನಿಯಿಂದ ಕಾಗದ ತಂದರು. ಬಾಕಿ ಮೂರು ಲಕ್ಷದ ಅರವತ್ತು ಸಾವಿರ. ಮಾರನೆಯ ದಿನವೇ ತಿಂಗಳ ಕೊನೆ.

"ನಾಳೆ ಬೆಳಿಗ್ಗೆನೇ ಡಿಡಿ ತೆಗೆಸಿ ಕಟ್ಬಿಡ್ತೀನಿ" ಎಂದರು.

ಹೂ ಕಟ್ಟುತ್ತಿದ್ದ ನನ್ನ ಅತ್ತೆ ತಲೆ ಎತ್ತಿದರು. "ನಾಳೆ ಶುಕ್ರವಾರ ಕಣೋ. ಶುಕ್ರವಾರ ಯಾರಾದ್ರೂ ಲಕ್ಷ್ಮೀನ ಮನೆಯಿಂದ ಆಚೆ ಕಳಿಸ್ತಾರಾ? ಮಂಗಳವಾರ ಕಟ್ಟು. ಮಂಗಳವಾರ ತೀರಿಸಿದ ಸಾಲ ಮತ್ತೆ ಹುಟ್ಟಲ್ಲ."

ಅವರ ಶುಕ್ರವಾರ ನನಗೆ ಹೊಸದಲ್ಲ. ಹಾಲಿನವನಿಗೂ ಪೇಪರಿನವನಿಗೂ ಅವರು ಶುಕ್ರವಾರ ದುಡ್ಡು ಕೊಟ್ಟವರಲ್ಲ. ಪಕ್ಕದ ಮನೆಯವರು ಚಿಲ್ಲರೆ ಕೇಳಿದರೂ "ನಾಳೆ ಬಾಮ್ಮ" ಅನ್ನುತ್ತಿದ್ದರು. ಯಜಮಾನರು ನನ್ನ ಮುಖ ನೋಡಿದರು. ಈಗ ಯಾರ ಮೇಲೆ ಕೂಗಾಡಿದರೂ ಇದನ್ನು ಮಾತ್ರ ಮುಚ್ಚಿಡಬಾರದು: ಮಂಗಳವಾರವೇ ಒಳ್ಳೆಯದು ಎಂದು ನಾನೂ ತಲೆಯಾಡಿಸಿದೆ. ನಾಲ್ಕು ದಿನಕ್ಕೆ ಏನು ಮಹಾ ಎಂದುಕೊಂಡೆ.

ಮಂಗಳವಾರ ತಲೆಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಡಿಡಿಗೆ ಅರಿಶಿನ ಕುಂಕುಮ ಮುಟ್ಟಿಸಿಕೊಂಡು ಇಬ್ಬರೂ ಹೊರಟೆವು. ಆಫೀಸಿನವರಿಗೆ ಹಂಚಲು ಅರ್ಧ ಕೆಜಿ ಮೈಸೂರು ಪಾಕನ್ನೂ ತೆಗೆದುಕೊಂಡಿದ್ದೆ. ಎಂಥ ಪೆದ್ದರು ನಾವು!

ಟೈ ಕಟ್ಟಿದ್ದ ಅಧಿಕಾರಿ ಕಂಪ್ಯೂಟರ್ ನೋಡಿ, "ಇಷ್ಟು ಸಾಕಾಗಲ್ಲ ಮೇಡಂ" ಎಂದ. ಹೊಸ ತಿಂಗಳು ಹುಟ್ಟಿದೆ. ನಾಲ್ಕೇ ದಿನವಾದರೂ ಇಡೀ ತಿಂಗಳ ಬಡ್ಡಿ ಕೊಡಬೇಕು, ನಾಲ್ಕು ಸಾವಿರದ ಇನ್ನೂರು. ಅದರ ಮೇಲೆ, ಅವಧಿಗೆ ಮೊದಲೇ ಸಾಲ ಮುಗಿಸುತ್ತಿರುವುದಕ್ಕೆ ನೂರಕ್ಕೆ ಎರಡು, ಅಂದರೆ ಏಳು ಸಾವಿರದ ಇನ್ನೂರು.

"ಮೊದಲೇ ಕಟ್ಟೋದು ತಪ್ಪಾ ಸಾರ್?" ಎಂದೆ.

"ತಪ್ಪು ಅಂತಲ್ಲ. ಕಂಪನಿಗೆ ಮುಂದಿನ ಬಡ್ಡಿ ಲಾಸ್ ಆಗುತ್ತಲ್ಲ."

"ತಡವಾಗಿ ಕಟ್ಟಿದ್ರೆ?"

"ಅದಕ್ಕೂ ಪೆನಾಲ್ಟಿ ಇದೆ."

"ಗುರುವಾರ ಕೊಟ್ಟ ಕಾಗದದಲ್ಲಿ ಈ ದಂಡದ ಮಾತೇ ಇರ್ಲಿಲ್ವಲ್ಲ?"

ಅವನು ಕಾಗದ ತಿರುಗಿಸಿ ಹಿಂದುಗಡೆ ತೋರಿಸಿದ. ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ. ಆಮೇಲೆ ಫೈಲಿನಿಂದ ಸಾಲದ ಕರಾರನ್ನು ಎಳೆದು ಯಜಮಾನರ ಸಹಿಯ ಮೇಲೆ ಪೆನ್ನಿನಿಂದ ಕುಟ್ಟಿದ. "ಓದಿಯೇ ಸೈನ್ ಮಾಡಿರ್ತೀರಲ್ಲ ಸಾರ್?" ಆ ಸಹಿ ಹಾಕಿದ ದಿನ ಓದಲು ಬಿಟ್ಟಿದ್ದರೇ? ಇಲ್ಲಿ ಹಾಕಿ, ಇಲ್ಲಿ ಹಾಕಿ ಎಂದು ಹಾಳೆ ತಿರುವಿದವರೇ ಅವರು. ನನಗೆ ಮೈ ಉರಿದುಹೋಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರೆ. ಆ ಆಫೀಸಿನಲ್ಲಿ ಗಾದೆಯೂ ತಲೆಕೆಳಗು. ಈರಭದ್ರ ಟೈ ಕಟ್ಟಿಕೊಂಡು ಕೂತಿದ್ದ, ಕೋಡಂಗಿಗಳು ಎದುರಿಗೆ ನಿಂತಿದ್ದೆವು.

ಗಂಟಲು ಹರಿಯುವಂತೆ ಕೂಗಾಡಿದೆ. ಯಜಮಾನರು "ಬಿಡು, ಜನ ನೋಡ್ತಿದ್ದಾರೆ" ಎಂದು ತೋಳು ಹಿಡಿದರು. ನೋಡಲಿ ಎಂದೇ ಕೂಗಿದ್ದೆ. ಪೂರ್ತಿ ಹಣ ಬರದೆ ಪತ್ರ ಕೊಡುವುದಿಲ್ಲ ಎಂದು ಅವನು ಡಿಡಿಯನ್ನು ವಾಪಸ್ ತಳ್ಳಿದ. ಮೈಸೂರು ಪಾಕಿನ ಪೊಟ್ಟಣವನ್ನೂ ಹಾಗೇ ವಾಪಸ್ ತಂದೆ.

ಹನ್ನೊಂದು ಸಾವಿರದ ನಾನೂರು ಎಲ್ಲಿಂದ ತರುವುದು? ಅಡ್ವಾನ್ಸಿನಿಂದ ತೆಗೆದರೆ ಅಂಗಡಿ ಹೋಯಿತು. ಸಾಲವನ್ನೇ ಬಿಟ್ಟರೆ ಕಂತು ನಿಲ್ಲುವುದಿಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅತ್ತೆಯ ಮೇಲೆ ಹರಿಹಾಯ್ದೆ.

"ನಿಮ್ಮ ಶುಕ್ರವಾರದಿಂದ ಹನ್ನೊಂದು ಸಾವಿರ ಹೋಯ್ತು! ಈಗ ಬಂತಾ ಲಕ್ಷ್ಮಿ? ನಿಮ್ಮ ಮಗನ ಅಂಗಡೀನೂ ಹೋಯ್ತು, ತಗೊಳ್ಳಿ!"

ಅವರು ಎದ್ದು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತರು. ಬುಧವಾರ, ಗುರುವಾರ ಯಜಮಾನರು ತಮ್ಮ ಹಳೆಯ ಜೊತೆಗಾರರ ಮನೆಗಳಿಗೆ ಅಲೆದರು. ಅವರೆಲ್ಲರೂ ನಮ್ಮ ಹಾಗೇ ಕೆಲಸ ಕಳೆದುಕೊಂಡವರು. ಯಾರು ಕೊಡಬೇಕು?

ಶುಕ್ರವಾರ ಬೆಳಿಗ್ಗೆ ಬಚ್ಚಲಲ್ಲಿ ಅತ್ತೆ ನರಳುವುದು ಕೇಳಿ ಓಡಿದೆ. ಕೈಗೆ ಸೋಪು ಹಚ್ಚಿಕೊಂಡು ಬಳೆ ಎಳೆಯುತ್ತಿದ್ದರು. ಮಾವ ಹೋದ ಮೇಲೂ ಬಿಚ್ಚದೆ ಉಳಿಸಿಕೊಂಡಿದ್ದ ಎರಡು ಚಿನ್ನದ ಬಳೆ ಅವು. ಗೆಣ್ಣಿನ ಹತ್ತಿರ ಚರ್ಮ ಕಿತ್ತು ರಕ್ತ ಬಂದಿತ್ತು.

"ಬೇಡ ಅತ್ತೆ, ಇವತ್ತು ಶುಕ್ರವಾರ" ಎಂದೆ.

"ಗೊತ್ತಮ್ಮ. ನನ್ನಿಂದ ಆದ ನಷ್ಟ, ನಾನೇ ತುಂಬ್ಕೊಡ್ತೀನಿ. ಸ್ವಲ್ಪ ಎಳಿ, ನನ್ನ ಕೈಲಾಗ್ತಿಲ್ಲ."

ನಾನು ಎಳೆದೆ. ಬನಶಂಕರಿಯ ಅಂಗಡಿಯಲ್ಲಿ ಬಳೆ ಮಾರಿ, ಮಧ್ಯಾಹ್ನದೊಳಗೆ ಇನ್ನೊಂದು ಡಿಡಿ ತೆಗೆಸಿ ಕಟ್ಟಿದೆವು. ಶನಿವಾರ ಮಳಿಗೆಯ ಅಡ್ವಾನ್ಸೂ ಕೊಟ್ಟೆವು. ಮನೆಯ ಪತ್ರಗಳು ಬರಲು ಮತ್ತೆ ಒಂದೂವರೆ ತಿಂಗಳು. ಹಣ ಇಸಿದುಕೊಳ್ಳುವ ಅವಸರ ಪತ್ರ ಕೊಡುವಾಗ ಇರಲಿಲ್ಲ.

ಅಂಗಡಿ ಚೆನ್ನಾಗಿಯೇ ನಡೆಯಿತು. ಅತ್ತೆ ಅದಾದ ಮೇಲೆ ಏಳು ವರ್ಷ ಇದ್ದರು. ಯಾವ ಶುಕ್ರವಾರವೂ ನಮ್ಮನ್ನು ತಡೆಯಲಿಲ್ಲ. ಹಾಲಿನವನು ಬಂದರೆ ತಾವೇ ಎದ್ದು ಹೋಗಿ ದುಡ್ಡು ಕೊಡುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಆ ಟೈ ಕಟ್ಟಿದವನನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಈಗಲೂ ಬಯ್ಯುತ್ತೇನೆ. ಆದರೆ ಹನ್ನೊಂದು ಸಾವಿರದ ನಾನೂರರಲ್ಲಿ ಶುಕ್ರವಾರದ ಪಾಲು ನಾಲ್ಕು ಸಾವಿರದ ಇನ್ನೂರು ಮಾತ್ರ. ಉಳಿದ ದಂಡ ಯಾವ ವಾರ ಕಟ್ಟಿದ್ದರೂ ತಪ್ಪುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಏಳು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಅತ್ತೆಗೆ ಹೇಳಲಿಲ್ಲ.