ಕಂಬಳಿಯೊಳಗೆ ತುಂಬಿದ ರೀಲು

ಒಂದು ಚೀಲ ಕೊಳ್ಳುವ ದುಡ್ಡು ಉಳಿಸಲು ಹೋಗಿ ನಾನು ಕಳೆದದ್ದು ಒಬ್ಬ ಮುದುಕನ ಮುಖ. ನನ್ನ ಚಿತ್ರವೂ ಹಾಳಾಯಿತು, ಅದಿರಲಿ. ಆ ಮುಖ ಅವನ ಮಗಳಿಗೆ ಸೇರಬೇಕಾದದ್ದು.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ಟವೆಲ್ ಮಾರಿ ಕೂಡಿಸಿದ ದುಡ್ಡಿನಲ್ಲಿ ಹಳೆಯದೊಂದು ಸಿನಿಮಾ ಕ್ಯಾಮೆರಾ ಕೊಂಡಿದ್ದೆ. ಅದರ ರೀಲು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಬದಲಿಸುವಾಗ ಬೆಳಕು ತಾಗಬಾರದು. ಅದಕ್ಕೆಂದೇ ಎರಡು ತೋಳಿರುವ ಕಪ್ಪು ಚೀಲ ಬರುತ್ತದೆ, ಕೈ ತೂರಿಸಿ ಒಳಗೇ ಕೆಲಸ ಮುಗಿಸಬೇಕು. ನವಿ ಪೇಠದ ಅಂಗಡಿಯಲ್ಲಿ ಒಂದಿತ್ತು. ಅರ್ಧ ಬೆಲೆಗೆ ಕೇಳಿದೆ.

"ಅರ್ಧಾ ಚೀಲ ಹರದು ಕೊಡ್ಲೇನ್ರಿ ಶೇಠ?" ಎಂದ ಅಂಗಡಿಯವ.

ಹಿಂದಿನಿಂದ ಕರೆಯುತ್ತಾನೆಂದು ಮೆಟ್ಟಿಲಿಳಿದೆ. ಕರೆಯಲಿಲ್ಲ. ಹಟಕ್ಕೆ ಬಿದ್ದು ಬರಿಗೈಯಲ್ಲೇ ಅಕ್ಕಲಕೋಟೆಯ ಬಸ್ಸು ಹತ್ತಿ, ಅಲ್ಲಿಂದ ತಡವಳಕ್ಕೆ ಹೋದೆ.

ನನ್ನ ಚಿತ್ರ ಅಲ್ಲಿನ ಒಬ್ಬ ಮುದಿ ಕುರಿಗಾರನ ಮೇಲೆ. ಕುರಿಗಾರರ ದೇವರು ಬೀರೋಬನ ಪೂಜೆ ಅವನದೇ. ಎದೆ ಬಿರಿಯುವ ಹಾಗೆ ಕೆಮ್ಮುತ್ತಿದ್ದ. ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ನಮಗ ರೊಕ್ಕ ಬ್ಯಾಡ್ರಿ ಅಣ್ಣಾರ. ಅಪ್ಪಂದು ಮನ್ಯಾಗ ಒಂದು ಫೋಟೋನೂ ಇಲ್ಲ. ಮುಂದ ಒಮ್ಮಿ ನೋಡಾಕ ಸಿಕ್ರ ಸಾಕು."

ಪುಕ್ಕಟೆ ಸೌದಾ. ತಕ್ಷಣ ಒಪ್ಪಿದೆ.

ಸೊಲ್ಲಾಪುರದಲ್ಲೇ ತುಂಬಿಸಿಕೊಂಡಿದ್ದ ಮೊದಲ ರೀಲು ಕುರಿಗಳಿಗೇ ಮುಗಿಯಿತು. ಬದಲಿಸಲು ಕತ್ತಲೆ ಬೇಕೆಂದೆ. ಮುದುಕ ಹೆಗಲ ಕಂಬಳಿ ತೆಗೆದು ನನ್ನ ತಲೆಯ ಮೇಲೆ ಹೊದಿಸಿದ. "ಇದರಾಗ ಮಳಿನ ಹೊಗಂಗಿಲ್ಲ ತಮ್ಮಾ, ಬೆಳಕ ಏನ್ ಹೊಕ್ಕೀತು!"

ಪೂಜೆಯಲ್ಲಿ ಆ ಕಂಬಳಿಯೇ ದೇವರ ಗದ್ದುಗೆ. ಅದರ ಮೇಲೆ ಮುಷ್ಟಿಗಟ್ಟಲೆ ಭಂಡಾರ, ಅಂದರೆ ಅರಿಶಿನದ ಪುಡಿ, ಎರಚುತ್ತಾರೆ. ಅದನ್ನು ಕೊಡವುವುದಿಲ್ಲ, ಒಗೆಯುವುದಿಲ್ಲ. ಒಳಗೆ ನಾನು ಸೀನಿದೆ. "ದೇವ್ರು ಮೂಗಿನ್ಯಾಗ ಹೊಕ್ಕಾನ ನೋಡು" ಎಂದು ಮುದುಕ ನಕ್ಕ. ಅವತ್ತು ಏಳು ಸಲ ಆ ಕಂಬಳಿಯೊಳಗೇ ಕ್ಯಾಮೆರಾ ಬಿಚ್ಚಿದೆ. ಚೀಲದ ದುಡ್ಡು ಉಳಿಯಿತೆಂಬ ಖುಷಿ ಬೇರೆ.

ಮುಂಬೈಯಲ್ಲಿ ತೊಳೆದ ರೀಲುಗಳು ಬರುವಷ್ಟರಲ್ಲಿ ಮುದುಕ ಸತ್ತಿದ್ದ. ಮಗಳು ಸೊಲ್ಲಾಪುರಕ್ಕೆ ಬಂದಳು. ರಜೆಯ ದಿನ ಪರಿಚಯದವರ ಮಗ್ಗದ ಶೆಡ್ಡಿನಲ್ಲಿ ಬಿಳಿ ಚಾದರ ಕಟ್ಟಿ ತೋರಿಸಿದೆ. ಕುರಿಗಳು ಸ್ವಚ್ಛವಾಗಿ ಬಂದವು. ಅಪ್ಪ ಬಂದಾಗ ತೆರೆಯ ತುಂಬ ದಪ್ಪ ಕರಿ ಗೆರೆಗಳು. ಕ್ಯಾಮೆರಾದಲ್ಲಿ ಸಿಕ್ಕಿಕೊಂಡ ಅರಿಶಿನದ ಹರಳು ಏಳೂ ರೀಲುಗಳನ್ನು ಉದ್ದಕ್ಕೆ ಗೀರಿತ್ತು.

"ಮಳಿ ಬಂದಿತ್ತೇನ್ರಿ ಅವತ್ತ?"

"ಇಲ್ಲವ್ವ. ಮುಂಬೈದವರು ತೊಳಿಯುವಾಗ ಕೆಡಿಸ್ಯಾರ." ಅದು ಸುಳ್ಳು.

"ಇನ್ನೊಮ್ಮಿ ಹಚ್ರಿ."

ಮೂರು ಸಲ ಹಚ್ಚಿದೆ. ಮೂರನೆಯ ಸಲ ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಕುರಿ ಭಾಳ ಚಂದ ಬಂದಾವ್ರಿ" ಎಂದು ಹೇಳಿ ಬಸ್ಸಿಗೆ ಹೊರಟಳು.

ಕ್ಯಾಮೆರಾ ಹಿಡಿಯುವವರಿಗೆ ನನ್ನದೊಂದು ಮಾತು. ಯಾರ ಮೇಲೆ ಚಿತ್ರ ಮಾಡುತ್ತೀರೋ ಅವರನ್ನು ಮೊದಲು ಹತ್ತಿರದ ಸ್ಟುಡಿಯೋಗೆ ಕರೆದೊಯ್ದು ಒಂದು ಫೋಟೋ ತೆಗೆಸಿ. ಅದು ಅವರ ಮನೆಯ ಗೋಡೆಗೆ ಏರಿದ ಮೇಲೆ ನಿಮ್ಮ ಕೆಲಸ ಶುರುಮಾಡಿ. ಎರಡು ಪ್ರತಿ ಹಾಕಿಸಿ. ಒಂದು ಮಗಳ ಕೈಗೇ ಕೊಡಿ.