ಅತ್ತೆಯ ಗೇಮಿಂಗ್ ಕೀಬೋರ್ಡ್

ನನ್ನ ಅತ್ತೆಯ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಟೈಪ್‌ರೈಟರಿನ ಶಿಫ್ಟ್ ಕೀ ಒತ್ತಿ ಒತ್ತಿ ಹಾಗಾದದ್ದೆಂದು ಅವರು ಹೇಳುತ್ತಿದ್ದರು. ಉಗುರುಗಳನ್ನು ಮಾಂಸ ಕಾಣುವಷ್ಟು ಗಿಡ್ಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಸುಮ್ಮನೆ ಕುಳಿತಾಗಲೂ ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರು ಏನು ಮಾತನಾಡಿದರೂ ಅದನ್ನು ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ ಟೈಪ್ ಮಾಡುತ್ತಿದ್ದವು. ಮದುವೆಯ ಮಾತುಕತೆಗೆಂದು ಮೊದಲ ಸಲ ಅವರ ಮನೆಗೆ ಹೋದಾಗ ನಾನು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚೇ ಬಣ್ಣ ಕಟ್ಟಿ ಹೇಳುತ್ತಿದ್ದೆ. ಮಾತು ತಡವರಿಸಿದಾಗ ನೋಡಿದರೆ ಅವರ ಬೆರಳುಗಳೂ ನಿಂತಿದ್ದವು, ಮುಂದಿನ ಪದಕ್ಕಾಗಿ ಕಾಯುತ್ತ. ಆಮೇಲೆ ಎಷ್ಟು ವರ್ಷ ಕಳೆದರೂ ಅವರೆದುರು ನನಗೆ ಸಮಾಧಾನದಿಂದ ಮಾತನಾಡಲು ಆಗಲಿಲ್ಲ.

ಅತ್ತೆ ಕೊಯಿಲದ ಜಾನುವಾರು ಫಾರ್ಮಿನ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಮಾವ ಬೇಗನೆ ತೀರಿಕೊಂಡಿದ್ದರು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಅವರು ಪುತ್ತೂರಿನ ನಮ್ಮ ಮನೆಗೆ ಬಂದರು. ನಾನು ದಸ್ತಾವೇಜು ಬರಹಗಾರ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆದುಕೊಡುವುದು ನನ್ನ ಉದ್ಯೋಗ. ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಅಲ್ಲಿ ನಾನು ಎರಡೇ ಬೆರಳುಗಳಲ್ಲಿ ಟೈಪ್ ಮಾಡುವುದನ್ನು ಅವರು ಬಂದ ಮರುದಿನವೇ ಬಾಗಿಲಲ್ಲಿ ನಿಂತು ನೋಡಿದರು.

“ಇದು ಟೈಪಿಂಗ್ ಅಲ್ಲ ಮಾರಾಯ್ರೆ, ಕೋಳಿ ಅಕ್ಕಿ ಹೆಕ್ಕುದು” ಎಂದರು. ಎದುರಿಗೆ ಕಕ್ಷಿಗಾರರು ಕುಳಿತಿದ್ದರು.

ಅವರ ಹೊತ್ತು ಕಳೆಯಲೆಂದು ನನ್ನ ಮಗಳು ತನ್ನ ಹಳೆಯ ಕಂಪ್ಯೂಟರಿನಲ್ಲಿ ಅವರಿಗೊಂದು ಆಟ ತೋರಿಸಿಕೊಟ್ಟಳು. ಟೈಪಿಂಗ್ ರೇಸು. ಪರದೆಯ ಮೇಲೆ ಐದಾರು ಪುಟ್ಟ ಕಾರುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ಕಾರಿಗೆ ಯಾವುದೋ ದೇಶದ ಒಬ್ಬೊಬ್ಬ ಮನುಷ್ಯ. ಎಲ್ಲರಿಗೂ ಒಂದೇ ಇಂಗ್ಲಿಷ್ ಪ್ಯಾರಾ ಕೊಡುತ್ತಾರೆ. ಯಾರು ತಪ್ಪಿಲ್ಲದೆ ಬೇಗ ಟೈಪ್ ಮಾಡುತ್ತಾರೋ ಅವರ ಕಾರು ಮುಂದೆ ಓಡುತ್ತದೆ. ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸಾದ ನನ್ನ ಅತ್ತೆಗೆ ಇದಕ್ಕಿಂತ ದೊಡ್ಡ ಹುಚ್ಚು ಹಿಡಿಸುವಂಥದ್ದು ಬೇರೇನೂ ಇರಲಿಲ್ಲ. ಊಟಕ್ಕೆ ಕರೆದರೆ “ಒಂದು ರೇಸ್ ಉಂಟು” ಎನ್ನುವರು. ಗೆದ್ದರೆ ಅಡುಗೆಮನೆಗೆ ಬಂದು ಹೇಳುವರು, ಸೋತರೆ ನನ್ನ ಆಫೀಸಿಗೆ ಬಂದು ಹೇಳುವರು. ಸೋಲಿಗೆ ಕಾರಣ ಕರೆಂಟು, ಇಂಟರ್‌ನೆಟ್ಟು, ನನ್ನ ಫೋನಿನ ಮಾತು. ಕಡೆಗೆ ಕೀಬೋರ್ಡು.

“ಫಸ್ಟ್ ಬರುವವರ ಹತ್ತಿರ ಎಲ್ಲ ಗೇಮಿಂಗ್ ಕೀಬೋರ್ಡ್ ಉಂಟಂತೆ” ಎಂದರು ಒಂದು ದಿನ.

“ಅತ್ತೆ, ಅದು ಬಂದೂಕು ಹಿಡಿದು ಆಡುವ ಮಕ್ಕಳಿಗೆ ಮಾಡಿದ್ದು. ಬಣ್ಣಬಣ್ಣದ ಲೈಟು ಬಿಟ್ಟರೆ ಅದರಲ್ಲಿ ಎಂತ ಇಲ್ಲ.”

“ನೀವು ನೋಡಿದ್ದೀರಾ?”

“ನೋಡ್ಲಿಕ್ಕೆ ಎಂತ ಉಂಟು? ಕೀಬೋರ್ಡ್ ಅಂದ್ರೆ ಕೀಬೋರ್ಡ್.”

“ಎರಡು ಬೆರಳಿನವರಿಗೆ ಹಾಗೆ ಕಾಣುದು” ಎಂದರು.

ಪೆನ್ಷನ್ ಅವರದ್ದು, ಹಟವೂ ಅವರದ್ದು. ಕರೆದುಕೊಂಡು ಹೋಗುವ ಕೆಲಸ ಮಾತ್ರ ನನ್ನದು. ಪೇಟೆಯ ಆ ಕಂಪ್ಯೂಟರ್ ಅಂಗಡಿ ಗಲ್ಫಿನಲ್ಲಿ ಬಹಳ ಕಾಲ ದುಡಿದು ಬಂದ ಬ್ಯಾರಿಯೊಬ್ಬರದ್ದು. ಗಾಜಿನ ಕಪಾಟಿನಲ್ಲಿ ಗೇಮಿಂಗ್ ಸಾಮಾನುಗಳು ಜಗಮಗಿಸುತ್ತಿದ್ದವು.

“ಮೊಮ್ಮಗನಿಗಾ ಅಮ್ಮಾ?” ಎಂದು ಅಂಗಡಿಯವರು ಕೇಳಿದರು.

“ನನಗೆ.”

ಅವರು ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಅತ್ತೆ ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಲು ಹೇಳಿ ನಿಂತುಕೊಂಡೇ ಟೈಪ್ ಮಾಡಿದರು. ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿದೆ, ದಯವಿಟ್ಟು ದುರಸ್ತಿಗೆ ಮಂಜೂರಾತಿ ನೀಡಬೇಕು ಎಂಬ ಫಾರ್ಮಿನ ಕಾಲದ ಪತ್ರ, ಇಂಗ್ಲಿಷಿನಲ್ಲಿ, ತಲೆಯೊಳಗಿನಿಂದ ಹಾಗೇ ಇಳಿಯುತ್ತಿತ್ತು. ಅಲ್ಲಿದ್ದ ಕಾಲೇಜು ಹುಡುಗರು ಮೊಬೈಲಿನಿಂದ ತಲೆಯೆತ್ತಿದರು.

“ಈ ಲೈಟು ಎಂತಕ್ಕೆ?”

“ಚಂದಕ್ಕೆ ಅಮ್ಮಾ. ಕತ್ತಲಲ್ಲಿ ಅಕ್ಷರವೂ ಕಾಣ್ತದೆ.”

“ಅಕ್ಷರ ನೋಡಿ ಹೊಡೆಯುವವ ಇದನ್ನು ತೆಕ್ಕೊಂಡು ಎಂತ ಮಾಡ್ಲಿಕ್ಕುಂಟು? ಆಫ್ ಮಾಡಿ.”

ನಾನು ಅಂಗಡಿಯವರನ್ನು ಪಕ್ಕಕ್ಕೆ ಕರೆದು ಕೇಳಿದೆ: “ಸತ್ಯ ಹೇಳಿ, ಇದರಿಂದ ಸ್ಪೀಡ್ ಜಾಸ್ತಿ ಆಗ್ತದಾ?”

“ಆಗ್ತದೆ ಅಂತ ಕಂಪೆನಿಯವರು ಹೇಳ್ತಾರೆ ಸರ್.”

“ನೀವೆಂತ ಹೇಳ್ತೀರಿ?”

“ನಾನು ಮಾರುವವ ಅಲ್ವಾ?” ಎಂದು ನಕ್ಕರು.

ಕೀಬೋರ್ಡು ಮನೆಗೆ ಬಂತು. ನಮ್ಮ ನೆಮ್ಮದಿ ಹೋಯಿತು. ಸಾದಾ ಕೀಬೋರ್ಡಿನೊಳಗೆ ಒಂದು ರಬ್ಬರ್ ಹಾಳೆ ಇರುತ್ತದೆ, ಸದ್ದಿಲ್ಲ. ಇದರಲ್ಲಿ ಪ್ರತಿಯೊಂದು ಕೀಯ ಅಡಿಯಲ್ಲೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್ಚು. ಒತ್ತಿದರೆ ಟಕ್, ಬಿಟ್ಟರೆ ಇನ್ನೊಂದು ಟಕ್. ಅತ್ತೆಯ ವೇಗಕ್ಕೆ ಅದು ಹೆಂಚಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಕೇಳುತ್ತಿತ್ತು. ಪಾಲುಪಟ್ಟಿ ಬರೆಸಲು ಬಂದ ಕೆದಂಬಾಡಿಯವರೊಬ್ಬರು ಕಿವಿಗೊಟ್ಟು ಕೇಳಿ, “ಒಳಗೆ ಅಡಿಕೆ ಸುಲಿಯುವ ಮೆಷಿನ್ ಇಟ್ಟಿದ್ದೀರಾ?” ಎಂದರು. ಇಲ್ಲ, ನಮ್ಮ ಅತ್ತೆ ಕಾರ್ ರೇಸಿನಲ್ಲಿದ್ದಾರೆ ಎಂದು ನಾನು ಯಾವ ಬಾಯಿಂದ ಹೇಳಲಿ?

ಕೆಲವು ವಾರ ಕಳೆದ ಮೇಲೆ ಅತ್ತೆ ಆಫೀಸಿನ ಬಾಗಿಲಲ್ಲಿ ಬಂದು ನಿಂತರು.

“ಸ್ಪೀಡ್ ಒಂದು ಚೂರೂ ಜಾಸ್ತಿ ಆಗ್ಲಿಲ್ಲ. ಕೈಗೆ ಹಿತ ಉಂಟು, ಅಷ್ಟೆ.”

ನನಗೆ ಅಂಥ ಸಂತೋಷ ಅಪರೂಪ. “ನಾನು ಅವತ್ತೇ ಹೇಳಿದ್ದೆ” ಎಂದೆ.

“ನೀವು ಗೊತ್ತಿಲ್ಲದೆ ಹೇಳಿದ್ದು. ನಾನು ಟೈಪ್ ಮಾಡಿ ನೋಡಿ ಹೇಳುದು. ಎರಡೂ ಒಂದೇ ಅಲ್ಲ” ಎಂದು ಹೊರಟೇಹೋದರು.

ಹೋದದ್ದು ಅಂಗಡಿಗೆ, ಆಟೊ ಹಿಡಿದು, ನಿಮ್ಮ ಕೀಬೋರ್ಡಿನಿಂದ ಪ್ರಯೋಜನವಿಲ್ಲ ಎಂದು ಹೇಳಿಬರಲು. ಬೈಯಲು ಹೋದವರು ಬರುವಾಗ ನನಗೊಂದು ಗೇಮಿಂಗ್ ಮೌಸ್ ತಂದರು. ನಾನು ಮೌಸ್ ಹಿಡಿಯುವ ರೀತಿ ನೋಡಿ ಅವರಿಗೆ ಬೇಸರವಾಗುತ್ತಿತ್ತಂತೆ. ಅದರ ಬದಿಯಲ್ಲಿ ಹೆಬ್ಬೆರಳಿನ ಹತ್ತಿರ ಇನ್ನೂ ಎರಡು ಬಟನ್ನುಗಳಿದ್ದವು. ಅವು ಏತಕ್ಕೆಂದು ನಾನು ಕೇಳಲಿಲ್ಲ. ಮರುದಿನ ಒಂದು ಕ್ರಯದ ವಿವರಗಳನ್ನೆಲ್ಲ, ಸರ್ವೆ ನಂಬರು, ಚಕ್ಕುಬಂದಿ, ಸಾಕ್ಷಿಗಳ ವಿಳಾಸದವರೆಗೆ ಇಂಟರ್‌ನೆಟ್ಟಿನ ನೋಂದಣಿ ಪುಟದಲ್ಲಿ ತುಂಬಿಸಿ ಕಡೆಯ ಸಾಲಿಗೆ ಬಂದಿದ್ದೆ. ಹೆಬ್ಬೆರಳು ತಾಗಿತು. ಪುಟ ಹಿಂದಕ್ಕೆ ಹಾರಿ, ತುಂಬಿಸಿದ್ದೆಲ್ಲ ಮಾಯವಾಯಿತು.

ನಾನು ಕಿರುಚಿದ್ದಕ್ಕೆ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಅತ್ತೆ ನಿಧಾನವಾಗಿ ಬಂದು ನೋಡಿ, “ನಿಮ್ದು ಹೆಬ್ಬೆರಳು ಇಡುವ ಜಾಗ ಸರಿ ಇಲ್ಲ” ಎಂದರು.

ಆ ಮೌಸನ್ನು ಕಪಾಟಿನ ಮೇಲಕ್ಕೆ ಎಸೆದೆ. ನಾಲ್ಕು ದಿನ ಅವರೊಡನೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾದಂತೆಯೇ ಕಾಣಲಿಲ್ಲ.

ಆಮೇಲಿನ ವರ್ಷ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಅತ್ತೆಯ ಎಡಗೈಯಿಂದ ಲೋಟ ಜಾರಿತು. ಹೆಕ್ಕಲು ಬಾಗಿದವರು ಏಳಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಬೇಗ ತಂದದ್ದರಿಂದ ಜೀವ ಉಳಿಯಿತು, ಮಾತು ಮರಳಿತು, ಕಾಲೂ ಒಂದಿಷ್ಟು ಬಂತು. ಎಡಗೈ ಮಾತ್ರ ಪೂರ್ತಿ ಬರಲಿಲ್ಲ. ಅದರ ಕಿರುಬೆರಳು, ಉಂಗುರ ಬೆರಳುಗಳು ಅಲ್ಲಾಡುತ್ತಿದ್ದವು, ಒತ್ತುವ ಬಲ ಇರಲಿಲ್ಲ.

ಮನೆಗೆ ಬಂದ ಮೇಲೆ ಒಂದೇ ಒಂದು ಸಲ ಕಂಪ್ಯೂಟರಿನ ಮುಂದೆ ಕುಳಿತರು. ಎಡಗಡೆಯ ಅಕ್ಷರಗಳು ಬೀಳಲಿಲ್ಲ. ಉಳಿದ ಕಾರುಗಳೆಲ್ಲ ಗುರಿ ಮುಟ್ಟಿದಾಗ ಅತ್ತೆಯದ್ದು ಹೊರಟ ಜಾಗದಲ್ಲೇ ಇತ್ತು. ಅವರು ತಾವೇ ಪರದೆ ಆರಿಸಿ ಎದ್ದುಹೋದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೇ ಮಲಗಿದ್ದು. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟಲಿಲ್ಲ. ಹೆಂಡತಿ ಅತ್ತು ಕರೆದಳು, ಮಗಳು ಗೋಗರೆದಳು. ನನಗೆ ಸಿಟ್ಟು ಬಂತು.

“ನಿಮ್ಮ ಕೈ, ನಿಮ್ಮ ಹಟ. ಆ ಚೆಂಡು ಹಿಸುಕಿದ್ರೆ ನಿಮ್ದು ಎಂತ ಹೋಗ್ತದೆ?” ಎಂದು ಗದರಿಬಿಟ್ಟೆ.

ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು.

“ಕೀ ಗಟ್ಟಿ ಆಯ್ತು ಮಾರಾಯ್ರೆ. ಸ್ವಲ್ಪ ಮೆತ್ತಗೆ ಇದ್ದಿದ್ರೆ ಬೀಳ್ತಿತ್ತು. ಅಂಗಡಿಯವರ ಹತ್ರ ಒಮ್ಮೆ ಕೇಳಿ ನೋಡ್ತೀರಾ?”

ಅವರ ಬಾಯಲ್ಲಿ ‘ನೋಡ್ತೀರಾ’ ಎಂದು ಕೇಳಿಕೊಳ್ಳುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತೇ ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಅಂಗಡಿಯವರು ಎಲ್ಲ ಕೇಳಿಸಿಕೊಂಡು ಒಂದು ಕೀಯನ್ನು ಕಿತ್ತು ಅಡಿಯ ಸ್ವಿಚ್ಚನ್ನೂ ಚಿಮಟದಿಂದ ಎತ್ತಿ ತೋರಿಸಿದರು. “ಇದನ್ನು ಬದಲಿಸ್ಲಿಕ್ಕೆ ಬರ್ತದೆ ಸರ್. ತುಂಬ ಹಗುರ ಸ್ಪ್ರಿಂಗಿನದ್ದು ಸಿಗ್ತದೆ, ತರಿಸುವಾ. ಎಡಗಡೆಗೆ ಅದು ಹಾಕುವಾ, ಬಲಗಡೆಗೆ ಇದೇ ಇರ್ಲಿ. ಸಾದಾ ಕೀಬೋರ್ಡಲ್ಲಿ ಇದು ಆಗುದಿಲ್ಲ.”

ಸ್ವಿಚ್ಚುಗಳು ಬಂದ ದಿನ ಅವರೇ ಮನೆಗೆ ಬಂದು, ಅತ್ತೆಯ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಹಾಕಿಕೊಟ್ಟರು. ಅತ್ತೆ ಎಡಗೈಯನ್ನು ಬಲಗೈಯಿಂದ ಎತ್ತಿ ಕೀಗಳ ಮೇಲಿಟ್ಟರು. ಕಿರುಬೆರಳು ನಡುಗುತ್ತ ಇಳಿಯಿತು. ಪರದೆಯ ಮೇಲೆ ಒಂದು ‘ಎ’ ಬಿತ್ತು. ಅವರು ಅದನ್ನು ಅಳಿಸಿ ಮತ್ತೊಮ್ಮೆ ಹೊಡೆದರು. ಮತ್ತೆ ಬಿತ್ತು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಅಲ್ಲಿಂದ ಚೆಂಡು ಹಿಸುಕುವುದು, ಪೇಟೆಗೆ ಫಿಸಿಯೋಥೆರಪಿಗೆ ಹೋಗುವುದು ಶುರು, ಹಳೆಯ ಕಿರಿಕಿರಿಯೂ ಮತ್ತೆ ಶುರು. ಪ್ರತಿ ರೇಸಿನಲ್ಲೂ ಕಡೆಯ ಸ್ಥಾನ, ಪ್ರತಿ ಸಲವೂ ನನ್ನ ಹತ್ತಿರ ದೂರು. ಮಳೆ ಹಿಡಿದ ಒಂದು ಮಧ್ಯಾಹ್ನ ಸುಳ್ಯದಿಂದ ಬಂದ ಅಣ್ಣತಮ್ಮಂದಿರು ನನ್ನೆದುರು ಜಾಗದ ಗಡಿಗಾಗಿ ಜಗಳವಾಡುತ್ತಿದ್ದಾಗ ಒಳಗಿನಿಂದ ಅತ್ತೆ ಕೂಗಿದರು. ಬಿದ್ದರೇನೋ ಎಂದು ಓಡಿದೆ. ಅವರು ಪರದೆ ತೋರಿಸಿದರು. ಆರು ಕಾರುಗಳಲ್ಲಿ ಅವರದ್ದು ಐದನೆಯದು.

“ಐದನೇ ಸ್ಥಾನಕ್ಕಾ ಕರೆದದ್ದು? ಅಲ್ಲಿ ಜನ ಕೂತಿದ್ದಾರೆ ಅತ್ತೆ!”

“ಆರನೆಯವನಿಗೆ ಎರಡೂ ಕೈ ಸರಿ ಇರಬಹುದು, ಯೋಚನೆ ಮಾಡಿ” ಎಂದರು. ಅವರ ಮುಖದಲ್ಲಿ ಅಷ್ಟು ಹಿಗ್ಗನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ಅಲ್ಲೇ ಕುಳಿತು ಇನ್ನೊಂದು ರೇಸು ನೋಡಿದೆ. ಸುಳ್ಯದವರು ಕಾಯುತ್ತಿದ್ದರು, ಕಾಯಲಿ ಎಂದುಕೊಂಡೆ.

ಇನ್ನೊಂದು ಮಳೆಗಾಲ ಅವರಿಗೆ ಸಿಗಲಿಲ್ಲ. ಎರಡನೆಯ ಸಲ ಸ್ಟ್ರೋಕ್ ಆದಾಗ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಮೂರನೆಯ ದಿನ ಅಂಗಡಿಯವರು ಮಾತನಾಡಿಸಲು ಬಂದರು. ಜಗಲಿಯಲ್ಲಿ ನೆಂಟರೆಲ್ಲ ಇದ್ದರು. ನನ್ನೆದುರು ಕುಳಿತು ಮೆಲ್ಲನೆ ಹೇಳಿದರು: “ನಿಮ್ಮ ಅತ್ತೆಯಿಂದ ನನಗೆ ಭಾರೀ ಉಪದ್ರ ಆಗಿತ್ತು ಸರ್.”

ಅತ್ತೆಯ ಫಿಸಿಯೋಥೆರಪಿ ಇವರ ಅಂಗಡಿಯ ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ನಾನು ಬಿಟ್ಟುಹೋಗಿ, ಆಮೇಲೆ ಕರೆದೊಯ್ಯಲು ಬರುವಾಗ ಅತ್ತೆ ಇವರ ಅಂಗಡಿಯ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ನನಗಾಗಿ ಕಾಯುತ್ತಿದ್ದಾರೆಂದು ನಾನು ತಿಳಿದಿದ್ದೆ, ಅದನ್ನೇ ಹೇಳಿದೆ.

“ಕಾಯುದಾ? ಗಿರಾಕಿಗಳಿಗೆ ಬುದ್ಧಿ ಹೇಳುದು! ಯಾರು ಗೇಮಿಂಗ್ ಕೀಬೋರ್ಡ್ ಕೇಳಿದ್ರೂ, ಮೌಸ್ ಕೇಳಿದ್ರೂ ಇವರದ್ದು ಒಂದೇ ಪ್ರಶ್ನೆ. ಕೈ ಸರಿ ಉಂಟಲ್ಲ? ಹಾಗಾದ್ರೆ ನಿನಗೆ ಬೇಡ, ಇದ್ದದ್ರಲ್ಲಿ ಅಭ್ಯಾಸ ಮಾಡು ಅಂತ. ಕಡಬದಿಂದ ಬಂದ ಒಬ್ಬರು ಬಿಲ್ ಮಾಡಿಸಿದ್ದನ್ನು ವಾಪಸ್ ಕೊಟ್ಟು ಹೋದ್ರು. ನನ್ನ ಅಂಗಡಿಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು!”

“ಮತ್ತೆ ಯಾಕೆ ಕೂರಿಸಿದ್ದು? ಹೇಳ್ಬಹುದಿತ್ತಲ್ಲ ಅವರಿಗೆ” ಎಂದೆ.

“ನೀವು ಹೇಳ್ತಿದ್ರಾ?” ಎಂದರು ಅವರು.

ನನಗೆ ನಗು ಬಂತು. ಸಾವಿನ ಮನೆಯಲ್ಲಿ, ಅಷ್ಟು ಜನರೆದುರು, ತಡೆದುಕೊಳ್ಳಲಾರದೆ ನಕ್ಕೆ. ನೆಂಟರು ತಿರುಗಿ ನೋಡಿದರು. ಇಷ್ಟು ವರ್ಷ ಈ ಹೆಂಗಸನ್ನು ಸಹಿಸುವ ಕಷ್ಟ ನನ್ನೊಬ್ಬನದೇ ಎಂದು ತಿಳಿದಿದ್ದೆ. ಇನ್ನೊಬ್ಬರು ಎದುರು ಕುಳಿತು ಅದೇ ಕಷ್ಟ ಹೇಳಿಕೊಳ್ಳುತ್ತಿದ್ದರು, ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡ ಮೇಲೆ ನನ್ನ ನಗು ನಿಂತಿತು. ಸುಡುಗಾಡಿನಲ್ಲೂ ಬಾರದ ಅಳು ನನಗೆ ಬಂದದ್ದು ಆಗ.