ಕೂಲರಿನೊಳಗಿನ ಕೋಳಿಮರಿಗಳು

ಬೀದರಿನಲ್ಲಿ ನನಗೆ ಬಾಡಿಗೆ ಮನೆ ಕೊಡುವಾಗ ಮಾಲಕರು ಎರಡೇ ಷರತ್ತು ಹಾಕಿದ್ದರು. ಮನೆಯೊಳಗೆ ಮಾಂಸ ಬರಬಾರದು, ತತ್ತಿ ಬರಬಾರದು. ಅವರು ಲಿಂಗಪೂಜೆ ಮುಗಿಯದೆ ಚಹಾ ಕೂಡ ಮುಟ್ಟದ ಹಿರಿಯರು. ಮೇಲಿನ ಮನೆಯಲ್ಲಿ ಇರುತ್ತಿದ್ದರು, ನಾನು ಕೆಳಗೆ. ನಾಲಿಗೆಯ ಚಪಲವನ್ನೆಲ್ಲ ಔರಾದ ತಾಲ್ಲೂಕಿನ ನಮ್ಮೂರು ಸಂತಪುರಕ್ಕೆ ಹೋದಾಗ ತೀರಿಸಿಕೊಂಡು, ಸಭ್ಯನಾಗಿ ವಾಪಸು ಬರುತ್ತಿದ್ದೆ. ಮೂರು ವರ್ಷ ಯಾವ ತಂಟೆಯೂ ಇರಲಿಲ್ಲ.

ತಂಟೆ ಬಂದದ್ದು ಬುಟ್ಟಿಯಲ್ಲಿ. ಒಂದು ಡಿಸೆಂಬರಿನ ಮುಂಜಾನೆ ಅವ್ವ ಸಂತಪುರದ ಬಸ್ಸಿಳಿದು ಬಂದು, ಸೆರಗು ಮುಚ್ಚಿದ ಬುಟ್ಟಿಯನ್ನು ನನ್ನ ಅಡುಗೆಮನೆಯಲ್ಲಿ ಇಳಿಸಿದಳು. ಒಳಗೆ ಹನ್ನೊಂದು ಕೋಳಿಮರಿ. ಹಿಂದಿನ ದಿನವಷ್ಟೇ ತತ್ತಿ ಒಡೆದು ಹೊರಬಂದಿದ್ದವು. ಅದೇ ಸಂಜೆ ತಾಯಿಕೋಳಿಯನ್ನು ಮುಂಗುಸಿ ಹೊತ್ತೊಯ್ದಿತ್ತು.

"ಊರಾಗ ಕರೆಂಟಿನ ಭರೋಸಾ ಇಲ್ಲ. ಇವುಕ್ಕ ಕಾವು ಬೇಕು. ಮೂರು ವಾರ ಇಲ್ಲೇ ಇರ್ತೇನಿ," ಅಂದಳು.

"ಯವ್ವಾ, ಮಾಲಕರು ನನ್ನ ಹೊರಗ ಹಾಕ್ತಾರ."

"ನಿನಗ ಬ್ಯಾರೆ ಮನಿ ಸಿಗ್ತದ. ನನಗ ಈ ಕೋಳಿ ಎಲ್ಲಿ ಸಿಗ್ತದ?"

ಅವ್ವ ಭಾಲ್ಕಿ ಕಡೆಯ ಮೆಹಕರದಿಂದ ಮದುವೆಯಾಗಿ ಬಂದಾಗ ಅವಳ ಅವ್ವ ತತ್ತಿಯಿಡುವ ಒಂದು ಹೇಟೆಯನ್ನೂ ಜೊತೆಗೆ ಕಳಿಸಿದ್ದಳು. ಕುತ್ತಿಗೆಗೆ ಗರಿಯೇ ಇಲ್ಲದ ಜವಾರಿ ತಳಿ. ಅದರ ಮಕ್ಕಳು, ಮೊಮ್ಮಕ್ಕಳು ಅಂತ ನಡೆದು ಬಂದ ಸಂಸಾರ ಹಿಂದಿನ ಮಳೆಗಾಲದ ರೋಗದಲ್ಲಿ ಹೋಗಿ, ಒಂದೇ ಹೇಟೆ ಉಳಿದಿತ್ತು. ಮುಂಗುಸಿಗೆ ಸಿಕ್ಕಿದ್ದು ಅದೇ. ಅವ್ವನ ತವರಿನ ತಳಿ ಅಂತ ಈಗ ಉಳಿದದ್ದು ಬುಟ್ಟಿಯಲ್ಲಿದ್ದಷ್ಟೇ.

ನಾನು ವಕೀಲರಂತೆ ಯೋಚನೆ ಮಾಡಿದೆ. ತತ್ತಿ ಒಡೆದು ಹೊರಬಂದದ್ದು ತತ್ತಿಯಲ್ಲ. ಅಂಗೈಯಲ್ಲಿ ಕೂತು ನಡುಗುವುದನ್ನು ಮಾಂಸ ಅನ್ನಲೂ ಬರುವುದಿಲ್ಲ. ಆದ್ದರಿಂದ ಷರತ್ತು ಮುರಿದಿಲ್ಲ. ಆದರೂ ಕಿಟಕಿ ಮುಚ್ಚಿದೆ.

ಚಳಿಗಾಲಕ್ಕೆ ಮೂಲೆ ಸೇರಿದ್ದ ಕೂಲರಿನ ಫ್ಯಾನು ಬಿಚ್ಚಿ, ತಳಕ್ಕೆ ಕಟ್ಟಿಗೆಯ ಹೊಟ್ಟು ಹರವಿ, ಒಳಗೊಂದು ಬಲ್ಬು ಇಳಿಬಿಟ್ಟೆ. ಸುತ್ತಲಿನ ಹುಲ್ಲಿನ ಜಾಲರಿ ಗಾಳಿ ತಡೆಯುತ್ತಿತ್ತು, ಮೇಲೆ ಚಾದರ ಹೊದಿಸಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಮರಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು, ಅಡಿಯಲ್ಲಿದ್ದ ಒಂದು ಸತ್ತಿತ್ತು. ಅವ್ವ ಬಲ್ಬಿನ ಮೇಲೆ ಅಂಗೈ ಇಟ್ಟಳು.

"ಬೆಳಕದ, ಕಾವಿಲ್ಲ."

ನಾನು ಹಾಕಿದ್ದು ಎಲ್‌ಇಡಿ ಬಲ್ಬು. ಅವ್ವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸತ್ತ ಮರಿಯನ್ನು ಬಟ್ಟೆಯಲ್ಲಿ ಸುತ್ತುವಾಗ ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು. ತಂತಿ ಕಾದು ಉರಿಯುವ ಹಳೆಯ ಹಳದಿ ಬಲ್ಬಿಗಾಗಿ ಪೇಟೆಯ ಚೌಬಾರದ ಸುತ್ತ ಅಲೆದೆ. ಮೂರು ಅಂಗಡಿಯವರು ನಕ್ಕರು. ನಾಲ್ಕನೆಯವರು ಅಟ್ಟದಿಂದ ಧೂಳು ಊದಿ ಎರಡು ಬಲ್ಬು ಕೊಟ್ಟರು. ಒಂದನ್ನು ಹೊತ್ತಿಸಿದ ಗಳಿಗೆಯಲ್ಲೇ ಮರಿಗಳ ಗುಡ್ಡೆ ಬಿಚ್ಚಿತು. ಮರಿಗಳು ದೂರ ಸರಿದರೆ ಅವ್ವ ಬಲ್ಬನ್ನು ಗೇಣು ಮೇಲೆತ್ತುವಳು, ಗುಂಪು ಕಟ್ಟಿದರೆ ಕೆಳಗಿಳಿಸುವಳು.

ಬೆಚ್ಚಗಾದ ಮರಿಗಳಿಗೆ ಕೊರಳೂ ಬಂತು. ಮಾಲಕರ ಮೆಟ್ಟಿಲು ನಮ್ಮ ಕಿಟಕಿಯ ಪಕ್ಕವೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಾನು ಕರೆಂಟಿನ ಪ್ಲಗ್ಗಿಗೆ ಹಾಕುವ ಸ್ಪೀಕರಿನಲ್ಲಿ ಶರಣರ ವಚನಗಳ ಹಾಡು ಹಚ್ಚಿದೆ, ಜೋರಾಗಿ, ಬೆಳಿಗ್ಗೆ ಸಂಜೆ. ಚಿಂವ್‌ಚಿಂವ್ ಪೂರಾ ಮುಳುಗಿಹೋಯಿತು.

ನನ್ನ ಉಪಾಯದಲ್ಲಿ ಒಂದೇ ತಪ್ಪಿತ್ತು. ಮಾಲಕರಿಗೆ ಹಾಡು ಬಹಳ ಹಿಡಿಸಿತು. ಕೆಳಗಿನ ಮನೆಯ ಹುಡುಗ ದಾರಿಗೆ ಬಂದ ಅಂತ ಓಣಿಯಲ್ಲೆಲ್ಲ ಹೇಳಿದರು. ನಾಲ್ಕನೆಯ ಸಂಜೆ ತಾವೇ ಕುರ್ಚಿ ಹಿಡಿದುಕೊಂಡು ಬಂದು, ಸರಿಯಾಗಿ ಕೂಲರಿನ ಪಕ್ಕ ಕೂತರು.

"ಥಂಡಿ ದಿನದಾಗ ಕೂಲರ್‌ನಾಗ ಲೈಟ್ ಯಾಕರಿ?"

"ಹುಲ್ಲು ಮುಗ್ಗಬಾರದಂತ ಒಣಗಿಸ್ಲಿಕತ್ತೇನ್ರಿ, ಕಾಕಾ."

"ಬ್ಯಾಸಗಿ ತಯಾರಿ ಈಗಿಂದೇ? ಶಾಣ್ಯಾ ಇದೀರಿ."

ಅಂದಿನಿಂದ ದಿನಾ ಬರತೊಡಗಿದರು. ಕಣ್ಣು ಮುಚ್ಚಿ ತಲೆದೂಗುವರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ಅವರ ಕಿವಿಯನ್ನೇ ನೋಡುತ್ತಾ ಎರಡು ಹಾಡಿನ ನಡುವಿನ ಖಾಲಿ ಜಾಗದಲ್ಲಿ ಜೋರಾಗಿ ಕೆಮ್ಮುತ್ತಿದ್ದೆ. ಕೆಮ್ಮಿಗೆ ಅವರೇ ಶುಂಠಿ ತಂದುಕೊಟ್ಟರು.

ಹತ್ತನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಕರೆಂಟು ಹೋಯಿತು. ಹಾಡು ಅರ್ಧಕ್ಕೆ ನಿಂತಿತು, ಕೂಲರಿನ ಬೆಳಕೂ ಆರಿತು. ಆ ನಿಶ್ಶಬ್ದದಲ್ಲಿ ಹತ್ತು ಮರಿಗಳ ದನಿ ಸ್ವಚ್ಛವಾಗಿ ಕೇಳಿಸಿತು. ನಾನು ಕೆಮ್ಮಿದೆ. ಎಷ್ಟು ಅಂತ ಕೆಮ್ಮುವುದು? ಮಾಲಕರು ಎದ್ದು ಚಾದರ ಸರಿಸಿ, ಮೊಬೈಲಿನ ಟಾರ್ಚು ಬಿಟ್ಟರು. ಬೆಳಕನ್ನು ಒಂದೊಂದು ಮರಿಯ ಮೇಲೂ ಹಾಯಿಸಿದರು.

"ಅಂದರ ವಚನ ಇವುಕ್ಕ ಹಚ್ಚಿದ್ರಿ?"

ದನಿಯಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ನೋವಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವ್ವ ಮಾತ್ರ ಆಗಲೇ ಮರಿಗಳನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು.

"ಅಣ್ಣಾ, ಬೈಯೋದು ಆಮ್ಯಾಲ ಬೈರಿ. ಥಂಡಿಗೆ ಮೊದಲೇ ಒಂದು ಹೋಗ್ಯದ. ಬೆಚ್ಚಗಿಂದು ಏನರ ಅದ ಏನ್ರಿ ನಿಮ್ಮ ಮನ್ಯಾಗ?"

ಅವರು ಮೆಟ್ಟಿಲು ಹತ್ತಿ ಹೊರಟುಹೋದರು. ನಾನು ಗ್ಯಾಸಿನ ಮೇಲೆ ನೀರು ಕಾಯಿಸಿ ಪ್ಲಾಸ್ಟಿಕ್ ಬಾಟಲಿಗೆ ಸುರಿದೆ. ಅದು ಮುದುರಿಕೊಂಡು ಕೂತಿತು. ಮನೆ ಖಾಲಿ ಮಾಡಲು ಟೆಂಪೋ ಯಾರಿಗೆ ಹೇಳಲಿ ಅಂತ ಯೋಚಿಸುವಷ್ಟರಲ್ಲಿ ಮಾಲಕರು ಇಳಿದು ಬಂದರು. ಕೈಯಲ್ಲಿ ಅವರ ಮಂಡಿನೋವಿನ ರಬ್ಬರ್ ಚೀಲ, ಬಿಸಿನೀರು ತುಂಬಿದ್ದು. ಅವ್ವ ಅದಕ್ಕೆ ಬಟ್ಟೆ ಸುತ್ತಿ ಹೊಟ್ಟಿನ ಮೇಲಿಟ್ಟಳು. ಮರಿಗಳು ಅದಕ್ಕೆ ಅಂಟಿಕೊಂಡು, ಒಂದೊಂದಾಗಿ ಸುಮ್ಮನಾದವು.

"ಒಂದು ಮಾತು ಕೊಡ್ರಿ ತಂಗೆವ್ವಾ," ಅಂದರು ಮಾಲಕರು. "ಇವನ್ನ ಕೊಯ್ಯಬಾರದು."

ನಾನು ಅವ್ವನಿಗೆ ಕಣ್ಸನ್ನೆ ಮಾಡಿದೆ. ಹೂಂ ಅಂದುಬಿಟ್ಟರೆ ಮನೆಯೂ ಉಳಿಯುತ್ತಿತ್ತು, ಮರಿಗಳೂ ಉಳಿಯುತ್ತಿದ್ದವು.

"ಹ್ಯಾಟಿ ಮುಟ್ಟಂಗಿಲ್ಲರಿ, ಅವು ನಮ್ಮ ಅವ್ವಂದು," ಅಂದಳು ಅವ್ವ. "ಹುಂಜ ಹೆಚ್ಚಾದರ ಕೊಯ್ತೇವಿ. ಝೂಟ್ ಹೇಳಿ ನಿಮ್ಮ ಚೀಲ ಇಟ್ಕೊಳ್ಳಂಗಿಲ್ಲರಿ. ಬ್ಯಾಡಂದರ ತಗೊಂಡು ಹೋಗ್ರಿ." ಹೇಳುವಾಗ ಅವಳ ಕೈ ಆ ಚೀಲದ ಮೇಲೇ ಇತ್ತು.

ಮಾಲಕರು ಬಗ್ಗಿ, ಸರಿದಿದ್ದ ಒಂದು ಮರಿಯನ್ನು ಬೆರಳಿನಿಂದ ಚೀಲದ ಹತ್ತಿರ ದೂಡಿದರು.

"ಹತ್ತು ದಿನದಾಗ ಈ ಮನ್ಯಾಗ ನಾ ಕೇಳಿದ ಮೊದಲನೇ ಖರೇ ಮಾತು ಇದು," ಅಂದರು, ನನ್ನನ್ನೇ ನೋಡುತ್ತಾ.

ಮೂರು ವಾರ ತುಂಬಿ ಅವ್ವ ಹೊರಟ ದಿನ ಹತ್ತೂ ಮರಿ ಜೀವಂತ ಇದ್ದವು. ಮಾಲಕರು ಗೇಟಿನ ತನಕ ಬಂದರು. ಅವರು ಏನೂ ಕೇಳಿರಲಿಲ್ಲ, ಆದರೂ ಅವ್ವ ಬುಟ್ಟಿ ತೆರೆದು ತೋರಿಸುತ್ತಾ ಲೆಕ್ಕ ಒಪ್ಪಿಸಿದಳು:

"ಜುಟ್ಟು ನೋಡಿದರ ಆರು ಹ್ಯಾಟಿ ಕಾಣ್ತಾವರಿ ಅಣ್ಣಾ, ಇನ್ನ ಹುಂಜ..."

"ಹ್ಯಾಟಿ ಅಷ್ಟೇ ಹೇಳ್ರಿ, ತಂಗೆವ್ವಾ," ಅಂದರು ಮಾಲಕರು.